ಪಡಸಾಲೆಗೆ ಇಳಿದ ನೌಕೆ

ನಾನು ಹೈಸ್ಕೂಲು ಸೇರಿದ ವರ್ಷ ನಮ್ಮ ಮನೆಯ ಪಡಸಾಲೆಯಲ್ಲಿ ದಸರಾ ರಜೆ ಪೂರ್ತಿ ಒಂದು ಬಾಹ್ಯಾಕಾಶ ನೌಕೆ ನಿಂತಿತ್ತು ಎಂದರೆ ನನ್ನ ಮಕ್ಕಳು ನಗುತ್ತಾರೆ. ನೌಕೆಯಲ್ಲ, ಅದರ ಮಾದರಿ ಎಂದು ತಿದ್ದಿದರೆ ನಗು ನಿಲ್ಲುತ್ತದೆ, ಅದರ ಜೊತೆಗೆ ಕುತೂಹಲವೂ. ನೌಕೆಗೂ ಅದರ ಮಾದರಿಗೂ ಇರುವ ವ್ಯತ್ಯಾಸವನ್ನು ನಮ್ಮ ಮನೆ ಹೇಗೆ ಕಲಿಯಿತು ಎಂಬುದನ್ನು ಮಾತ್ರ ನಾನು ಅವರಿಗೆ ಇನ್ನೂ ಹೇಳಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಅವರ ಕಣ್ಣಲ್ಲಿ ಅಜ್ಜ, ಎಂದರೆ ನನ್ನ ಅಪ್ಪಾಜಿ, ಇನ್ನೂ ದೊಡ್ಡ ಮನುಷ್ಯ. ನನ್ನ ಕಣ್ಣಲ್ಲೂ ಅವರು ಸಣ್ಣವರೇನಲ್ಲ. ಆದರೆ ನಾಚಿಕೆ ಎಂಬುದು ಪ್ರೀತಿಯನ್ನು ಕೇಳಿಕೊಂಡು ಬರುವುದಿಲ್ಲ.

ಶಿಕಾರಿಪುರದ ನಮ್ಮ ಮನೆ ಅರ್ಧ ಮನೆ, ಅರ್ಧ ದವಸದ ಮಂಡಿ. ಮಾರುಕಟ್ಟೆ ಯಾರ್ಡಿಗೆ ಹೋಗುವ ದಾರಿಯಲ್ಲೇ ಇದ್ದುದರಿಂದ ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಯಾರಾದರೂ ಕೂತಿರುತ್ತಿದ್ದರು. ಒಳಗೆ ಉದ್ದನೆಯ ಪಡಸಾಲೆ. ಒಂದು ಗೋಡೆಗೆ ಭತ್ತ, ಮೆಕ್ಕೆಜೋಳದ ಚೀಲಗಳು ಸೂರು ಮುಟ್ಟುವಂತೆ ಪೇರಿಸಿರುತ್ತಿದ್ದವು, ಎದುರು ಗೋಡೆಗೆ ಅಪ್ಪಾಜಿಯ ಗಾದಿ. ಪಡಸಾಲೆ ದಾಟಿದರೆ ನಡುಮನೆ, ಅದರ ಬಲಕ್ಕೆ ದೇವರ ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಬಚ್ಚಲು. ಪಡಸಾಲೆ ಗಂಡಸರದು, ಅಡಿಗೆಮನೆ ಹೆಂಗಸರದು. ನಡುಮನೆ ಜಗಳದ್ದು. ಅಲ್ಲಿ ಆಡಿದ ಮಾತು ಜಗಲಿಗೆ ಕೇಳುತ್ತಿರಲಿಲ್ಲ ಎಂಬುದನ್ನು ನಮ್ಮ ಮನೆಯ ಹಿರಿಯರು ತಲೆಮಾರುಗಳ ಹಿಂದೆಯೇ ಕಂಡುಕೊಂಡಿದ್ದರು. ಯಾರಿಗಾದರೂ ಸಿಟ್ಟು ಬಂದರೆ ಮೊದಲು ಎದ್ದು ನಡುಮನೆಗೆ ಬರುತ್ತಿದ್ದರು, ಬಂದು ಆಮೇಲೆ ಬೈಯುತ್ತಿದ್ದರು. ಮರ್ಯಾದೆ ಎಂದರೆ ಇದೇ ಎಂದು ನಾನು ಬಹಳ ದಿನ ತಿಳಿದಿದ್ದೆ.

ಅಮ್ಮ ಸೊರಬದ ಕಡೆಯವಳು. ಗುಡವಿಯ ಹತ್ತಿರದ ಹಳ್ಳಿಯಿಂದ ನಮ್ಮ ಮನೆಗೆ ಸೊಸೆಯಾಗಿ ಬಂದವಳು, ಬರುವಾಗಲೇ ಬಿ.ಎಸ್ಸಿ. ಮುಗಿಸಿದ್ದಳು. ನಾನು ಸೇರಿದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲೇ ವಿಜ್ಞಾನದ ಟೀಚರ್. ಬೆಳಿಗ್ಗೆ ಮನೆ ಮಂದಿಗೆಲ್ಲ ರೊಟ್ಟಿ ಬಡಿದು, ಪಲ್ಯ ಮಾಡಿಟ್ಟು, ಕೈಯ ಹಿಟ್ಟು ತೊಳೆದುಕೊಂಡು ಶಾಲೆಗೆ ಓಡುತ್ತಿದ್ದಳು. ಅವಳ ಬಾಯಲ್ಲಿ ‘ಎಂತದು’, ‘ಎಂತಕ್ಕೆ’ ಬಂದರೆ ಸಾಕು, ಅಜ್ಜಿ, ಎಂದರೆ ಅಪ್ಪಾಜಿಯ ತಾಯಿ, ‘ಬಂತು ನೋಡು ಮಲೆನಾಡು’ ಎಂದು ಆಡಿಕೊಳ್ಳುತ್ತಿದ್ದರು. ಅನ್ನ ಉಣ್ಣುವವರ ಮನೆಯ ಹುಡುಗಿಗೆ ಜೋಳದ ರೊಟ್ಟಿ ತೆಳ್ಳಗೆ ಬಡಿಯಲು ಬರುವುದಿಲ್ಲ ಎಂಬುದು ಅಜ್ಜಿಯ ಮೊದಲ ದೂರು, ಓದಿದ ಹುಡುಗಿಗೆ ಬಡಿಯುವ ಮನಸ್ಸೇ ಇಲ್ಲ ಎಂಬುದು ಎರಡನೆಯದು. ಅಮ್ಮ ಎರಡನ್ನೂ ಕೇಳಿಸಿಕೊಂಡು ಮುಂದಿನ ರೊಟ್ಟಿ ಬಡಿಯುತ್ತಿದ್ದಳು.

ಅಪ್ಪಾಜಿ ಎಂಟನೇ ತರಗತಿಗೆ ಶಾಲೆ ಬಿಟ್ಟು ಮಂಡಿಯಲ್ಲಿ ಕೂತವರು. ಆದರೆ ಅವರಷ್ಟು ಆಸೆಯಿಂದ ಪಾಠ ಕೇಳಿದ ವಿದ್ಯಾರ್ಥಿ ಅಮ್ಮನಿಗೆ ಇನ್ನೊಬ್ಬರು ಸಿಕ್ಕಿರಲಿಕ್ಕಿಲ್ಲ. ರಾತ್ರಿ ಊಟಕ್ಕೆ ಕೂತಾಗ ‘ಇವತ್ತು ಏನ್ ಪಾಠ ಮಾಡ್ದೆ?’ ಎಂದು ಕೇಳುತ್ತಿದ್ದರು. ಅಮ್ಮ ಬಡಿಸುತ್ತಲೇ ಹೇಳುತ್ತಿದ್ದಳು, ಮಿಂಚು ಮೊದಲು ಕಂಡು ಗುಡುಗು ಆಮೇಲೆ ಕೇಳುವುದೇಕೆ, ಹಾಲು ಉಕ್ಕಿದರೂ ನೀರು ಹಾಗೆ ಉಕ್ಕುವುದಿಲ್ಲವೇಕೆ. ಮರುದಿನ ಅದೇ ಪಾಠ ಜಗಲಿಯ ಮೇಲೆ ರೈತರಿಗೆ ಅಪ್ಪಾಜಿಯ ಬಾಯಿಂದ ಸಿಗುತ್ತಿತ್ತು, ತಾವೇ ಕಂಡುಹಿಡಿದವರ ಗತ್ತಿನಲ್ಲಿ. ಅಮ್ಮ ಒಳಗಿನಿಂದ ಕೇಳಿಸಿಕೊಂಡು ನಗುತ್ತಿದ್ದಳು. ಹೆಂಡತಿಯ ಓದಿನ ಬಗ್ಗೆ ಅವರಿಗೆ ಅಷ್ಟು ಅಭಿಮಾನವಿತ್ತು. ಅದೇ ಓದನ್ನು ಹಿಡಿದು ಯಾರಾದರೂ ಚುಚ್ಚಿದರೆ ಅಷ್ಟೇ ನೋವೂ ಆಗುತ್ತಿತ್ತು. ಚುಚ್ಚುವವರಲ್ಲಿ ಮೊದಲಿಗರು ಪಕ್ಕದ ಮಂಡಿಯ ಮಲ್ಲೇಶಪ್ಪನವರು. ಮಾತಿನಲ್ಲಿ ಸಕ್ಕರೆ, ಒಳಗೆ ಸೂಜಿ. ‘ಏನ್ರಿ ಟೀಚರ್ ಯಜಮಾನ್ರೆ’ ಎಂದು ಅವರು ಜಗಲಿ ಹತ್ತಿದರೆ ಅಪ್ಪಾಜಿಯ ಮುಖ ಸಣ್ಣದಾಗುತ್ತಿತ್ತು.

ಆ ವರ್ಷ ದೂರದ ನಗರದ ಒಂದು ವಿಜ್ಞಾನ ಮ್ಯೂಸಿಯಂನವರು ವ್ಯಾನಿನಲ್ಲಿ ಪ್ರದರ್ಶನ ಹೊತ್ತುಕೊಂಡು ಊರೂರು ಸುತ್ತುತ್ತ ಅಮ್ಮನ ಶಾಲೆಗೂ ಬಂದರು. ಡೈನೋಸಾರಿನ ಮೂಳೆಯಂಥದ್ದು, ತಿರುಗುವ ಗ್ರಹಗಳು, ಮಿಡಿಯುವ ಹೃದಯ, ಏನೇನೋ ಇದ್ದವು. ಎಲ್ಲಕ್ಕಿಂತ ಹೆಚ್ಚು ಜನ ಮುತ್ತಿಕೊಂಡದ್ದು ಆ ನೌಕೆಯನ್ನು. ನನ್ನ ಎತ್ತರದಷ್ಟೇ ಉದ್ದ. ಬಿಳಿಯ ಮೈ, ಮೊಂಡು ಮೂಗು, ಚಿಕ್ಕ ಚಿಕ್ಕ ಗಾಲಿಗಳ ಮೇಲೆ ಆಗತಾನೆ ನೆಲಕ್ಕೆ ಇಳಿದಂತೆ ನಿಂತಿತ್ತು. ಬೆನ್ನಿನ ಬಾಗಿಲು ತೆರೆದರೆ ಒಳಗೆ ಹೆಬ್ಬೆರಳಿನಷ್ಟು ಎತ್ತರದ ಇಬ್ಬರು ಮನುಷ್ಯರು. ಹೊಟ್ಟೆಯ ತುಂಬ ಕಪ್ಪು ಚೌಕಗಳನ್ನು ಒತ್ತೊತ್ತಾಗಿ ಅಂಟಿಸಿದ್ದರು. ಪ್ರದರ್ಶನದ ಜೊತೆ ಬಂದಿದ್ದ ಕನ್ನಡಕದ ತರುಣ ಅಧಿಕಾರಿಗೆ ಮಾತನಾಡಿ ಮಾತನಾಡಿ ಗಂಟಲು ಕಟ್ಟಿತ್ತು. ಅಮ್ಮ ಮುಂದೆ ಬಂದು ವಿವರಿಸತೊಡಗಿದಳು. ರಾಕೆಟ್ಟು ಒಂದು ಸಲ ಹೋದರೆ ಹೋಯಿತು, ಇದು ಮನುಷ್ಯರನ್ನು ಕೂರಿಸಿಕೊಂಡು ಹೋಗಿ, ವಾಪಸು ಇಳಿದು, ಮತ್ತೆ ಹೋಗುತ್ತದೆ ಎಂದಳು. ಆನವಟ್ಟಿ ಬಸ್ಸಿನ ಹಾಗೆ, ಬೆಳಿಗ್ಗೆ ಹೋಗಿದ್ದೇ ಸಂಜೆ ಬರುತ್ತದೆ ಎಂದಾಗ ಹುಡುಗಿಯರೆಲ್ಲ ಗೊಳ್ಳೆಂದರು. ಆ ಅಧಿಕಾರಿ ಮೂಲೆಯಲ್ಲಿ ನಿಂತು ನೋಡುತ್ತಿದ್ದ.

ಪ್ರದರ್ಶನ ಮುಗಿದ ದಿನ ಆತ ಅಮ್ಮನಿಗೆ ಎರಡು ಮಾತು ಹೇಳಿದ. ಒಂದು, ನೌಕೆಯ ಮಾದರಿಯನ್ನು ದಸರಾ ಕಳೆಯುವವರೆಗೆ ಇಲ್ಲೇ ಬಿಟ್ಟು ಹೋಗುತ್ತೇವೆ, ರಜೆ ಮುಗಿದ ಮೇಲೆ ಸುತ್ತಲಿನ ಶಾಲೆಯ ಮಕ್ಕಳಿಗೂ ತೋರಿಸಿ, ಆಮೇಲೆ ಬಂದು ಒಯ್ಯುತ್ತೇವೆ. ಎರಡು, ಬೇಸಿಗೆಯಲ್ಲಿ ಮ್ಯೂಸಿಯಂನಲ್ಲಿ ಟೀಚರುಗಳಿಗೆ ಒಂದು ತಿಂಗಳ ತರಬೇತಿ ಇದೆ, ಈ ತಾಲ್ಲೂಕಿನಿಂದ ನಿಮ್ಮನ್ನೇ ಕರೆಯಬೇಕೆಂದಿದ್ದೇನೆ. ಆ ಸಂಜೆ ಅಮ್ಮ ಮನೆಗೆ ಬಂದ ರೀತಿ ನನಗೆ ನೆನಪಿದೆ. ಚಪ್ಪಲಿ ಬಿಡುವುದನ್ನೂ ಮರೆತು ಅಡಿಗೆಮನೆಯವರೆಗೆ ಬಂದುಬಿಟ್ಟಿದ್ದಳು. ತವರು, ಗಂಡನ ಮನೆ ಬಿಟ್ಟು ಮೂರನೆಯ ಜಾಗದಲ್ಲಿ ಅವಳು ಒಂದು ವಾರವೂ ಇದ್ದವಳಲ್ಲ. ಒಂದು ತಿಂಗಳು ರೊಟ್ಟಿ ಬಡಿಯುವವರು ಯಾರು ಎಂದು ಅಜ್ಜಿ ಕೇಳಿದರು. ಅಪ್ಪಾಜಿ ಮಾತ್ರ, ‘ಹೋಗಿ ಬರ್ಲಿ ಬಿಡವ್ವ, ನಮ್ಮ ಮನಿಯಿಂದ ಒಬ್ರು ಅಲ್ಲಿಗೆ ಹೋಗ್ತಾರೆ ಅಂದ್ರೆ ಸಣ್ಣ ಮಾತೇನು?’ ಎಂದರು. ಅಮ್ಮ ಅಂದು ಅಪ್ಪಾಜಿಯ ತಟ್ಟೆಗೆ ತುಪ್ಪ ಸುರಿದ ಕೈ ಮೇಲಕ್ಕೆತ್ತಲೇ ಇಲ್ಲ.

ಶಾಲೆಯ ಕೋಣೆಯಲ್ಲಿ ಇಲಿ ಹೆಚ್ಚು, ಬೀಗ ಕಡಿಮೆ. ಹೆಡ್‌ಮಾಸ್ಟರು ಕೇಳಿಕೊಂಡದ್ದರಿಂದ ರಜೆಯಷ್ಟು ದಿನ ಮಾದರಿಯನ್ನು ನಮ್ಮ ಮನೆಯಲ್ಲಿ ಇಡುವುದೆಂದಾಯಿತು. ನಾಲ್ಕು ಜನ ಹಮಾಲರು ಹೊತ್ತು ತಂದರು. ಅಪ್ಪಾಜಿ ತಮ್ಮ ಗಾದಿಯನ್ನೇ ಪಕ್ಕಕ್ಕೆ ಸರಿಸಿ ಜಾಗ ಕೊಟ್ಟರು. ಮಂಡಿಗೆ ಬಂದವರೆಲ್ಲ ಮೆಕ್ಕೆಜೋಳದ ರೇಟು ಕೇಳುವುದು ಬಿಟ್ಟು ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಆ ರಾತ್ರಿ ಊಟದ ಹೊತ್ತಿಗೆ ಅಪ್ಪಾಜಿಯ ಪ್ರಶ್ನೆಗಳಿಗೆ ಕೊನೆಯೇ ಇರಲಿಲ್ಲ.

‘ಹೊಟ್ಟಿಗೆ ಯಾಕೆ ಕರೀ ಬಿಲ್ಲೆ ಹಚ್ಯಾರ?’

‘ಮೇಲಿಂದ ಇಳಿಯುವಾಗ ಗಾಳಿಗೆ ಉಜ್ಜಿ ಕೆಂಡದ ಹಾಗೆ ಕಾಯ್ತದೆ. ಅದಕ್ಕೇ ಹೆಂಚು ಹೊದೆಸಿರ್ತಾರೆ, ನಮ್ಮ ಮಾಡಿಗೆ ಹೊದೆಸ್ತೀವಲ್ಲ ಹಾಗೆ. ಅದೂ ಸುಟ್ಟು ಮಾಡಿದ ಹೆಂಚೇ.’

‘ಬೆಂಕಿ ಹತ್ತಂಗಿಲ್ಲೇನು?’

‘ಹತ್ತಲ್ಲ ಮಾರಾಯ್ರೆ. ಬೆಂಕೀಲಿ ಬೆಂದಿದ್ದಕ್ಕೆ ಬೆಂಕಿ ಎಂತ ಮಾಡ್ತದೆ?’

ಅಪ್ಪಾಜಿ ತುತ್ತನ್ನು ಕೈಯಲ್ಲೇ ಹಿಡಿದು ಆ ಮಾತನ್ನು ಎರಡು ಸಲ ತಮಗೆ ತಾವೇ ಹೇಳಿಕೊಂಡರು. ಮರುದಿನ ಜಗಲಿಯಲ್ಲಿ ಅದು ಹತ್ತಾರು ಸಲ ಚಲಾವಣೆಯಾಯಿತು. ‘ಬೆಂಕೀಲಿ ಬೆಂದಿದ್ದಕ್ಕೆ ಬೆಂಕಿ ಏನ್ ಮಾಡುತ್ರಿ?’ ಎಲ್ಲರೂ ತಲೆದೂಗಿದರು, ಮಲ್ಲೇಶಪ್ಪನವರೊಬ್ಬರನ್ನು ಬಿಟ್ಟು. ಅವರು ನೌಕೆಯ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಎದ್ದು ನಿಂತು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡರು.

‘ಸಾವುಕಾರ್ರೆ, ಮದುವಿ ಮಂಟಪಕ್ಕೆ ಕಟ್ತಾರಲ್ಲ, ಆ ಥರ್ಮೊಕೋಲ್ ಇದ್ದಂಗೈತೆ. ನಿಮ್ಮ ಮನೆಯೋರು ಹೇಳಿದ್ರು ಅಂತ ನೀವು ಎಲ್ಲಾ ನಂಬ್ತೀರಿ.’

‘ಹಬ್ಬದ ದಿನ ಸಂಜಿಗೆ ಬರ್ರಿ ಮಲ್ಲೇಶಪ್ಪ. ತೋರಿಸ್ತೀನಿ’ ಎಂದರು ಅಪ್ಪಾಜಿ. ಏನನ್ನು ತೋರಿಸುತ್ತಾರೆ ಎಂದು ಯಾರೂ ಕೇಳಲಿಲ್ಲ. ಅವರೂ ಆಗ ಯೋಚಿಸಿರಲಿಕ್ಕಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಅಮ್ಮನ ತವರಿನಿಂದ ನಮ್ಮ ಸೋದರಮಾವ ಬೈಕಿನಲ್ಲಿ ಬಂದ. ಅಮ್ಮನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡಿದ್ದರು. ಹಬ್ಬದ ದಿನ ಸೊಸೆ ಮನೆಯಲ್ಲಿರುವುದಿಲ್ಲವೆಂದು ಅಜ್ಜಿ ಮುಖ ಊದಿಸಿಕೊಂಡರು, ಆದರೆ ತಡೆಯುವಂತಿರಲಿಲ್ಲ. ಹೊರಡುವ ಗಡಿಬಿಡಿಯಲ್ಲೂ ಅಮ್ಮ ಒಗೆದ ಚಾದರ ತಂದು ನೌಕೆಗೆ ಹೊದೆಸಿದಳು. ಈ ಮನೆಯಲ್ಲಿ ಆಯುಧಪೂಜೆ ಹೇಗೆ ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು.

‘ರೀ, ಇದನ್ನ ಮುಟ್ಬೇಡಿ. ಪೂಜೆ ಮಾಡಲೇಬೇಕು ಅಂದ್ರೆ ಚಾದರದ ಮೇಲೆ ಒಂದು ಹೂವು ಇಡಿ, ಅಷ್ಟೇ ಸಾಕು.’

‘ಆತು ಮಾರಾಯ್ತಿ, ನೀನು ಹೋಗಿ ಬಾ’ ಎಂದರು ಅಪ್ಪಾಜಿ, ಅವಳ ಮಾತಿನ ಧಾಟಿಯಲ್ಲೇ. ಅಮ್ಮ ನಗುತ್ತ ಬೈಕು ಹತ್ತಿದಳು.

ನಮ್ಮಲ್ಲಿ ಆಯುಧಪೂಜೆಯೆಂದರೆ ದುಡಿಯುವ ಯಾವುದನ್ನೂ ಬಿಡುವಂತಿಲ್ಲ. ತಕ್ಕಡಿ, ತೂಕದ ಕಲ್ಲುಗಳು, ಚೀಲ ಎಳೆಯುವ ಕೊಕ್ಕೆ, ಹೊಲಿಯುವ ದಬ್ಬಣ, ಸ್ಕೂಟರು, ಕಬ್ಬಿಣದ ತಿಜೋರಿ, ಅಡಿಗೆಮನೆಯ ಮಿಕ್ಸಿ, ಅಮ್ಮನ ಇಸ್ತ್ರಿಪೆಟ್ಟಿಗೆ, ಎಲ್ಲವನ್ನೂ ತೊಳೆದು ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಬೇಕು. ಗಾಲಿ ಇರುವುದರ ಮುಂದೆ ನಿಂಬೆಹಣ್ಣು, ಬೂದುಗುಂಬಳ. ಮಧ್ಯಾಹ್ನದ ಹೊತ್ತಿಗೆ ಅಪ್ಪಾಜಿ ಮೈಗೆ ವಿಭೂತಿ ಬಳಿದುಕೊಂಡು ಮಡಿಪಂಚೆಯಲ್ಲಿ ಎಲ್ಲ ಮುಗಿಸಿ ಪಡಸಾಲೆಗೆ ಬಂದರು. ಹಬ್ಬಕ್ಕೆ ಹಮಾಲರೆಲ್ಲ ಮನೆಗೆ ಹೋಗಿದ್ದರು. ಇದ್ದವರು ಅವರು, ಅಜ್ಜಿ, ನಾನು. ಚಾದರದ ಮೇಲೆ ಒಂದು ಹೂವಿಟ್ಟು ಅಪ್ಪಾಜಿ ಹಿಂದೆ ಸರಿದರು. ಅಜ್ಜಿಗೆ ಸಮಾಧಾನವಾಗಲಿಲ್ಲ.

‘ಮುಸುಕು ಹಾಕಿದ್ದಕ್ಕೆ ಪೂಜೆ ಮಾಡ್ತಾರೇನೋ? ಮನಿಗೆ ಬಂದ ಗಾಡಿ ಅದು. ಅಷ್ಟು ದೂರ ಹೋಗಿ ಬರೋದು ಅಂತೀಯ. ಹಿಂಗೇ ಕಳಿಸಿದ್ರೆ ದಾರೀಲಿ ಏನಾರ ಆದ್ರೆ?’

ನಗಬೇಡಿ. ಆ ಮಾತು ಆಗ ನಮಗೆ ಮೂವರಿಗೂ ನ್ಯಾಯವಾಗಿಯೇ ಕಂಡಿತು. ಚಾದರ ಸರಿಯಿತು. ಮೊಂಡು ಮೂಗಿಗೆ ಮೂರು ಎಳೆ ವಿಭೂತಿ ಬಂತು, ರೆಕ್ಕೆಗೆ ಕುಂಕುಮ ಬಂತು, ಕೊರಳಿಲ್ಲದ ಅದಕ್ಕೆ ಹೇಗೋ ಚೆಂಡುಹೂವಿನ ಮಾಲೆಯೂ ಬಂತು. ಮುಂದಿನ ಪುಟ್ಟ ಗಾಲಿಯ ಕೆಳಗೆ ನಾನೇ ನಿಂಬೆಹಣ್ಣು ಇಟ್ಟೆ, ಅದು ಗಾಲಿಗಿಂತ ದೊಡ್ಡದಿತ್ತು. ಅಪ್ಪಾಜಿ ಕರ್ಪೂರ ಹಚ್ಚಿ ಬೆಳಗಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವರು ತಟ್ಟೆಯನ್ನು ಹಿಡಿದು ಹಾಗೇ ನಿಂತರು. ಸಂಜೆ ಮಲ್ಲೇಶಪ್ಪ ಬರುವುದಿತ್ತು.

‘ಒಂದ್ಸಲ ನೋಡೇಬಿಡಾಣ’ ಎಂದರು ನನಗೆ. ಮಾತಿನಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಮ್ಮ ಹೇಳಿದ್ದು ಸುಳ್ಳಾಗುವುದುಂಟೇ? ಉರಿಯುವ ಕರ್ಪೂರದ ತಟ್ಟೆಯನ್ನು ನೌಕೆಯ ಹೊಟ್ಟೆಯ ಕೆಳಗೆ ಮೆಲ್ಲನೆ ಸರಿಸಿದರು.

ಒಂದು ಕ್ಷಣ ಏನೂ ಆಗಲಿಲ್ಲ. ಅಪ್ಪಾಜಿ ನನ್ನತ್ತ ನೋಡಿ ಹುಬ್ಬು ಹಾರಿಸಿದರು. ಆಮೇಲೆ ಕಪ್ಪು ಚೌಕಗಳು ತುಪ್ಪದಂತೆ ಕರಗಿ ತಟ್ಟೆಗೆ ತೊಟ್ಟಿಕ್ಕಿದವು, ತೊಟ್ಟಿಕ್ಕಿದ್ದಕ್ಕೆ ಬೆಂಕಿ ಹತ್ತಿತು, ಬಣ್ಣಕ್ಕೆ ಹತ್ತಿತು, ಕರಿಹೊಗೆ ಎದ್ದು ಪಡಸಾಲೆ ತುಂಬಿತು. ಅಜ್ಜಿ ಶಿವಶಿವಾ ಎಂದು ಕೂಗಿಕೊಂಡರು. ಅಪ್ಪಾಜಿ ತಟ್ಟೆ ಎಳೆಯಲು ಹೋಗಿ ಕೈ ಸುಟ್ಟುಕೊಂಡು, ಖಾಲಿ ಗೋಣಿಚೀಲವೊಂದನ್ನು ಕಿತ್ತು ತಂದು ಹೊಟ್ಟೆಗೆ ಅದುಮಿ ಹಿಡಿದರು. ಬೆಂಕಿ ಆರಿತು. ಚೀಲವನ್ನು ಬಿಡಿಸಿದಾಗ ಕರಗಿದ ಹೊಟ್ಟೆಯ ಮೇಲೆಲ್ಲ ಗೋಣಿಯ ಹೆಣಿಗೆ ಅಚ್ಚೊತ್ತಿತ್ತು. ಒಂದು ರೆಕ್ಕೆ ಬಾಡಿದ ಎಲೆಯಂತೆ ಕೆಳಗೆ ಬಾಗಿತ್ತು. ಒಳಗಿನ ಇಬ್ಬರು ಮನುಷ್ಯರಿಗೆ ಮಾತ್ರ ಏನೂ ಆಗಿರಲಿಲ್ಲ, ಮಸಿ ಹಿಡಿದುಕೊಂಡು ನಿಂತಿದ್ದರು.

ಅಪ್ಪಾಜಿ ನೆಲಕ್ಕೆ ಕೂತುಬಿಟ್ಟರು. ಅಂಥ ದೊಡ್ಡ ಮೈಯ ಮನುಷ್ಯ ಅಷ್ಟು ಸಣ್ಣದಾಗಿ ಕೂತಿದ್ದನ್ನು ನಾನು ಕಂಡಿರಲಿಲ್ಲ. ‘ಆಕಿ ಹೇಳಿದ್ಲಲ್ಲ’ ಎಂದು ಒಂದೇ ಮಾತು. ಸಿಟ್ಟಿನಿಂದ ಅಂದದ್ದಲ್ಲ, ದಾರಿ ತಪ್ಪಿದ ಮಗು ಅಂದ ಹಾಗಿತ್ತು. ಆಗ ನನಗೆ ಅವರ ಮೇಲೆ ಇದ್ದದ್ದು ಕನಿಕರ. ಇಡೀ ಕತೆ ಅಲ್ಲಿಗೇ ನಿಂತಿದ್ದರೆ ಇವತ್ತಿಗೂ ಅಷ್ಟೇ ಇರುತ್ತಿತ್ತು.

ಸಂಜೆ ಮಲ್ಲೇಶಪ್ಪನವರು ಹೇಳಿದ ಹೊತ್ತಿಗೆ ಬಂದರು. ನೌಕೆಯ ಮೇಲೆ ಚಾದರ ಮತ್ತೆ ಬಿದ್ದಿತ್ತು. ಆದರೆ ವಾಸನೆಗೆ ಯಾವ ಚಾದರ ಹೊದೆಸುವುದು? ಅವರು ಮೂಗು ಅರಳಿಸಿ, ಏನೋ ಸುಟ್ಟಂಗೈತಲ್ರಿ ಎಂದರು. ಅಪ್ಪಾಜಿ ಬೆರಳಿಗೆ ಕಟ್ಟಿದ್ದ ಬಟ್ಟೆಯನ್ನು ಪಂಚೆಯ ಮಡಿಕೆಯಲ್ಲಿ ಮುಚ್ಚಿಕೊಂಡರು. ಮಾತು ಹೊರಟಿದ್ದು ನಡುಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿಯ ಬಾಯಿಂದ.

‘ನಮ್ಮ ಸೊಸಿ ಅದರ ಮುಂದೆ ದೀಪ ಹಚ್ಚಿಟ್ಟು ತವರಿಗೆ ಹೋಗಿದ್ಲು ಕಣಪ್ಪ. ಉರುಳಿ ಬಿದ್ದು ತಾಗೈತೆ. ಪುಣ್ಯಕ್ಕೆ ನನ್ನ ಮಗ ನೋಡಿ ಆರಿಸ್ದ.’

ಅಜ್ಜಿ ಕೆಟ್ಟವರಲ್ಲ. ಮಗ ಊರಿನ ಬಾಯಿಗೆ ಬೀಳಬಾರದೆಂದು, ಕೈಗೆ ಸಿಕ್ಕಿದ್ದನ್ನು ಅಡ್ಡ ಹಿಡಿದರು. ಸಿಕ್ಕಿದ್ದು ಸೊಸೆ. ನಾನು ಅಪ್ಪಾಜಿಯತ್ತ ನೋಡಿದೆ. ಈಗ ಇಲ್ಲ ಅನ್ನುತ್ತಾರೆ ಎಂದುಕೊಂಡೆ. ಅವರು ಬಾಯಿ ತೆರೆದರು. ‘ಮಂಡಕ್ಕಿ ತಗೊಳ್ರಿ ಮಲ್ಲೇಶಪ್ಪ’ ಎಂದರು.

ಮರುದಿನ ವಿಜಯದಶಮಿ. ಸಂಜೆ ಅಮ್ಮನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಅಪ್ಪಾಜಿಯೇ ಹೋಗಬೇಕಿತ್ತು, ನನ್ನನ್ನು ಕಳಿಸಿದರು. ಅಮ್ಮ ಬಸ್ಸಿಳಿದಳು, ಕೈಯಲ್ಲಿ ತವರಿನ ಉಪ್ಪಿನಕಾಯಿಯ ಭರಣಿ. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಎದುರಿಗೆ ಮಲ್ಲೇಶಪ್ಪನವರು, ಕೈತುಂಬ ಬನ್ನಿ ಎಲೆ.

‘ಬನ್ನಿ ತಗೊಳ್ರಿ ಟೀಚರ್, ಬಂಗಾರದಂಗಿರ್ರಿ. ಅಲ್ರಿ, ದೀಪ ಹಚ್ಚಿಟ್ಟು ಹಂಗೇ ಹೋಗಿಬಿಟ್ರಂತಲ್ಲ? ಸದ್ಯ ಮನಿ ಉಳೀತು. ಸರ್ಕಾರದ ರಾಕೆಟ್ಟು, ಹೋದ್ರೆ ಹೋಗ್ಲಿ ಬಿಡ್ರಿ.’

ನಡೆದದ್ದೇನೆಂದು ಗೊತ್ತಾಗುವ ಮೊದಲೇ ಅದು ತನ್ನ ತಪ್ಪೆಂದು ಅಮ್ಮನಿಗೆ ಬೀದಿಯಲ್ಲಿ ಗೊತ್ತಾಯಿತು. ಅವಳು ಬನ್ನಿ ಎಲೆಯನ್ನು ಕಣ್ಣಿಗೊತ್ತಿಕೊಂಡು, ನೀವೂ ಬಂಗಾರದ ಹಾಗಿರಿ ಎಂದು ಹೇಳಿ ಮುಂದೆ ನಡೆದಳು. ತಿರುವು ದಾಟಿದ ಮೇಲೆ ‘ಎಂತಾಯ್ತೇ?’ ಎಂದಳು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಮನೆಯ ಕಡೆ ಹೆಜ್ಜೆ ಬಿರುಸು ಮಾಡಿದಳು. ಒಳಗೆ ಬಂದವಳೇ ಚಾದರ ಎತ್ತಿ ನೋಡಿದಳು, ಮೊಣಕಾಲೂರಿ ಹೊಟ್ಟೆಯ ಕೆಳಗೆ ಕೈ ಹಾಕಿ ಸವರಿದಳು, ಬೆರಳಿಗೆ ಹತ್ತಿದ ಮಸಿಯನ್ನು ಸೀರೆಯ ಸೆರಗಿಗೇ ಒರೆಸಿದಳು. ಆಮೇಲೆ ಎದ್ದು ನಡುಮನೆಗೆ ಹೋದಳು. ಎಲ್ಲರೂ ಅವಳ ಹಿಂದೆ ಹೋದೆವು.

‘ನೀನೇ ಹೇಳಿದ್ದಲ್ಲ, ಬೆಂಕಿ ಹತ್ತಲ್ಲ ಅಂತ!’ ಅಪ್ಪಾಜಿಗೆ ಈಗ ಸಿಟ್ಟು ಬಂದಿತ್ತು. ಇಡೀ ದಿನ ಕೂಡಿಟ್ಟುಕೊಂಡ ಸಿಟ್ಟು.

‘ನಾನು ಹೇಳಿದ್ದು ಅಲ್ಲಿ ಹಾರ್ತದಲ್ಲ, ಅದಕ್ಕೆ. ಇದು ಅದರ ಬೊಂಬೆ ಕಣ್ರಿ. ಹುಲಿ ಬೊಂಬೆ ಕಚ್ತದಾ?’

ಅಪ್ಪಾಜಿ ತಲೆ ತಗ್ಗಿಸಿದರು. ಅಷ್ಟು ಸರಳವಾದದ್ದು ತಮಗೆ ಹೊಳೆಯಲಿಲ್ಲವಲ್ಲ ಎಂಬ ನಾಚಿಕೆ ಅವರ ಕಿವಿಯವರೆಗೂ ಕೆಂಪಾಗಿ ಹತ್ತಿದ್ದು ಕಂಡಿತು. ಅಜ್ಜಿ ನಡುವೆ ಬಂದರು.

‘ಬಾಯಿ ತಪ್ಪಿ ನಾನು ಅಂದಾತು ಗಿರಿಜ. ಈಗ ಅಲ್ಲ ಅಂದ್ರೆ ನಾನು ಸುಳ್ಳಿ ಆಗ್ತೀನಿ, ನಿನ್ನ ಗಂಡ ಊರಿಗೆಲ್ಲ ಬೆಪ್ಪ ಆಗ್ತಾನೆ. ಹೆಂಗಸಿನ ಕೈಯಾಗೆ ದೀಪ ಉರುಳೋದು ಲೋಕದಾಗಿಲ್ಲದ್ದೇನಲ್ಲ. ನೀನೇ ಹೊಟ್ಟಿಗೆ ಹಾಕ್ಕೊ.’

ಅಮ್ಮ ಅಜ್ಜಿಯತ್ತ ತಿರುಗಲಿಲ್ಲ. ಅಪ್ಪಾಜಿಯನ್ನೇ ನೋಡಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು:

‘ಊರಿಗೆ ಎಂತ ಬೇಕಾದ್ರೂ ಹೇಳ್ಕೊಳ್ಳಿ. ನಂಗೆ ಬೇಜಾರಿಲ್ಲ. ಮ್ಯೂಸಿಯಂನವರು ಬಂದಾಗ ಮಾತ್ರ ಇದ್ದಿದ್ದು ಇದ್ದ ಹಾಗೆ ಹೇಳಿ. ಅವರು ನನ್ನ ಕೈಗೆ ಕೊಟ್ಟು ಹೋಗಿದ್ದು. ಒಂದು ಮಾತು ಸಾಕು, ನೀವು ಹೇಳಿದ್ರೆ ಅವರು ನಂಬ್ತಾರೆ. ನಾನೇ ಹೇಳಿದ್ರೆ ಗಂಡನ ಮೇಲೆ ಹಾಕ್ತಾಳೆ ಅಂತಾರೆ.’

‘ಹೇಳ್ತೀನಿ’ ಎಂದರು ಅಪ್ಪಾಜಿ. ಲಿಂಗ ಹಿಡಿದು ಹೇಳಿದಷ್ಟು ಗಟ್ಟಿಯಾಗಿ ಹೇಳಿದರು. ಅಮ್ಮ ಅಲ್ಲಿಗೆ ಆ ಜಗಳ ಮುಗಿಸಿದಳು. ಕೈಕಾಲು ತೊಳೆದು, ಎಲ್ಲರಿಗೂ ಬನ್ನಿ ಕೊಟ್ಟು, ಹೋಳಿಗೆ ಬಡಿಸಿದಳು.

ಶಾಲೆ ತೆರೆಯಿತು. ಬೇರೆ ಶಾಲೆಯ ಮಕ್ಕಳಿಗೆ ತೋರಿಸಲು ಏನೂ ಉಳಿದಿರಲಿಲ್ಲ. ಮಾತು ನಮಗಿಂತ ಮೊದಲೇ ಶಾಲೆ ಮುಟ್ಟಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್‌ಮಾಸ್ಟರು ಹೆಸರು ಹೇಳದೆ, ಮನೆಯಲ್ಲಿ ದೀಪ ಹಚ್ಚಿ ಹೊರಗೆ ಹೋಗುವಾಗ ಎಚ್ಚರ ಇರಬೇಕು ಎಂದು ಬುದ್ಧಿ ಹೇಳಿದರು. ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಸಾಲಿನಲ್ಲಿದ್ದ ಹುಡುಗಿಯರು ನನ್ನತ್ತ ತಿರುಗಿದರು, ನಾನು ಕಾಲ್ಬೆರಳಿನಿಂದ ಮಣ್ಣು ಕೆದಕಿದೆ. ಅಮ್ಮ ಟೀಚರುಗಳ ಸಾಲಿನಲ್ಲಿ ಕೈಕಟ್ಟಿ ನೇರ ನಿಂತಿದ್ದಳು. ಅವಳಿಗೆ ಭಯವಿರಲಿಲ್ಲ. ಅವಳ ಬಳಿ ಅಪ್ಪಾಜಿಯ ಮಾತಿತ್ತು. ಹೆಡ್‌ಮಾಸ್ಟರಿಗೂ, ‘ಮ್ಯೂಸಿಯಂನವರು ಬರ್ಲಿ ಸರ್, ಮನೇಲೇ ಮಾತಾಡ್ತೇವೆ’ ಎಂದಷ್ಟೇ ಹೇಳಿದ್ದಳು.

ಆ ಕನ್ನಡಕದ ಅಧಿಕಾರಿ ಬಂದ ಭಾನುವಾರ ಅಪ್ಪಾಜಿ ಬೇಗ ಎದ್ದರು. ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತ ಅವರು ಮಾತನ್ನು ಅಭ್ಯಾಸ ಮಾಡುತ್ತಿದ್ದುದು ನನಗೆ ಹೊರಗೆ ಕೇಳುತ್ತಿತ್ತು. ‘ತಪ್ಪು ನಂದೇ ರೀ, ಆಕಿ ಊರಾಗೇ ಇರಲಿಲ್ಲ... ತಪ್ಪು ನಂದೇ ರೀ...’ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಾದಿಯ ಮೇಲೆ ಕೂತರು. ಅವರು ಹೇಳುತ್ತಾರೆಂದು ನನಗೆ ಪೂರ್ತಿ ನಂಬಿಕೆಯಿತ್ತು. ಅಧಿಕಾರಿಯ ಹಿಂದೆಯೇ ಮಲ್ಲೇಶಪ್ಪನವರೂ ಜಗಲಿ ಹತ್ತದೇ ಇದ್ದಿದ್ದರೆ ಬಹುಶಃ ಹೇಳುತ್ತಿದ್ದರು. ಆದರೆ ವ್ಯಾನು ಬಂದದ್ದನ್ನು ನೋಡಿ ಅವರು ಬಂದರು, ಅವರ ಜೊತೆ ಇನ್ನೂ ನಾಲ್ಕು ಜನ. ಊರಿನಲ್ಲಿ ತಮಾಷೆಗೆ ಬರ.

ಅಧಿಕಾರಿ ಚಾದರ ತೆಗೆದು ಬಗ್ಗಿ ನೋಡಿದ. ಒಳ್ಳೆಯ ಹುಡುಗ, ಮುಖ ಕೆಡಿಸಿಕೊಳ್ಳಲಿಲ್ಲ. ‘ಥರ್ಮೊಕೋಲ್ ಮೇಡಂ, ಕಿಡಿ ತಾಗಿದ್ರೆ ಸಾಕು. ನಾನೇ ನಿಮಗೆ ಹೇಳ್ಬೇಕಿತ್ತು’ ಎಂದ. ಮೂಗಿನ ಮೇಲೆ ಉಳಿದಿದ್ದ ವಿಭೂತಿಯ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ.

‘ಹೆಡ್‌ಮಾಸ್ಟರು ಹೇಳಿದ್ರು, ನೀವು ಹಚ್ಚಿಟ್ಟ ದೀಪ ಉರುಳ್ತು ಅಂತ. ಹೌದಾ ಮೇಡಂ?’

ಅಮ್ಮ ಅಪ್ಪಾಜಿಯ ಕಡೆ ನೋಡಿದಳು. ಪಡಸಾಲೆಯಲ್ಲಿದ್ದವರೆಲ್ಲ ಅಪ್ಪಾಜಿಯ ಕಡೆ ನೋಡಿದರು. ಅವರು ಗಂಟಲು ಸರಿಮಾಡಿಕೊಂಡರು, ಗಾದಿಯ ಅಂಚನ್ನು ಕೈಯಿಂದ ಒಂದು ಸಲ ನೇವರಿಸಿದರು. ಮಲ್ಲೇಶಪ್ಪನವರು ಕಂಬಕ್ಕೆ ಒರಗಿ ನಿಂತು ಅವರ ಬಾಯನ್ನೇ ನೋಡುತ್ತಿದ್ದರು. ಅಧಿಕಾರಿ ಈ ಮೌನವನ್ನು ತಪ್ಪಾಗಿ ತಿಳಿದ. ಗಂಡನಿಗೆ ಹೆದರಿ ಈಕೆ ಮಾತಾಡುತ್ತಿಲ್ಲ ಎಂದುಕೊಂಡಿರಬೇಕು.

‘ಸಾರ್, ಆಗಿದ್ದು ಆಗೋಯ್ತು. ದಯವಿಟ್ಟು ಮೇಡಂಗೆ ಏನೂ ಅನ್ಬೇಡಿ.’

‘ಛೆ ಛೆ’ ಎಂದರು ಅಪ್ಪಾಜಿ. ಮಾತು ಈಗ ಸರಾಗವಾಗಿ ಬಂತು. ‘ನಾನು ಒಂದು ಮಾತೂ ಅಂದಿಲ್ಲ ರೀ. ಬೇಕಂತ ಮಾಡಿದ್ದಾ ಆಕಿ?’

‘ನಮ್ಮ ಸಾವುಕಾರ್ರದು ಯಾವತ್ತೂ ದೊಡ್ಡ ಮನಸ್ಸು’ ಎಂದರು ಮಲ್ಲೇಶಪ್ಪನವರು. ಯಾರೋ ಹೌದೌದು ಎಂದರು. ಅಪ್ಪಾಜಿ ಆ ಹೊಗಳಿಕೆಗೆ ತಲೆ ತಗ್ಗಿಸಿದರು, ವಿನಯದಿಂದ ತಗ್ಗಿಸುವವರ ಹಾಗೆ. ನನ್ನ ಅಪ್ಪಾಜಿಯನ್ನು ಕಂಡು ನನಗೆ ನಾಚಿಕೆಯಾದದ್ದು ಆ ಗಳಿಗೆಯಲ್ಲಿ. ಅವರು ಬೆಂಕಿ ಹಚ್ಚಿದಾಗ ಆಗಲಿಲ್ಲ, ಮಂಡಕ್ಕಿ ತಗೊಳ್ರಿ ಎಂದಾಗಲೂ ಇಷ್ಟು ಆಗಿರಲಿಲ್ಲ. ತಾನು ಮಾಡಿದ ತಪ್ಪಿಗೆ ತಾನೇ ಕ್ಷಮೆ ಕೊಟ್ಟು ದೊಡ್ಡವನೆನಿಸಿಕೊಳ್ಳುವುದನ್ನು ಕಣ್ಣಾರೆ ಕಂಡೆ. ಇವತ್ತಿಗೂ ಯಾರಾದರೂ ನನ್ನನ್ನು ದೊಡ್ಡ ಮನಸ್ಸಿನವಳು ಎಂದರೆ, ಯಾರ ತಲೆಯ ಮೇಲೆ ಏನು ಹೊರಿಸಿ ನಿಂತಿದ್ದೇನೋ ಎಂದು ತಿರುಗಿ ನೋಡಿಕೊಳ್ಳುತ್ತೇನೆ.

ಅಧಿಕಾರಿ ಹೊರಡುವಾಗ ಬಾಗಿಲ ಬಳಿ ಅಮ್ಮನಿಗೆ ಮೆಲ್ಲಗೆ ಹೇಳಿದ.

‘ತರಬೇತಿ ವಿಷಯ ಮೇಡಂ... ಅಲ್ಲೂ ಮಾದರಿಗಳನ್ನ ಜೋಪಾನ ಮಾಡೋ ಕೆಲಸಾನೇ ಇರುತ್ತೆ. ಈ ಸಲ ಬೇರೆ ತಾಲ್ಲೂಕಿಂದ ನೋಡಿ ಅಂತ ನಮ್ಮವರು ಹೇಳ್ತಾರೆ. ನೀವು ತಪ್ಪು ತಿಳ್ಕೋಬಾರ್ದು.’

‘ಇಲ್ಲ ಸರ್’ ಎಂದಳು ಅಮ್ಮ.

ಹಮಾಲರು ನೌಕೆಯನ್ನು ಚಾದರ ಸಮೇತ ಹೊತ್ತು ವ್ಯಾನಿಗೆ ಏರಿಸಿದರು. ಜನ ಕರಗಿದರು. ಅಪ್ಪಾಜಿ ಗಾದಿಯನ್ನು ಮೊದಲಿನ ಜಾಗಕ್ಕೆ ಎಳೆದುಕೊಂಡರು. ಅಮ್ಮ ಕಾಫಿಯ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಡುತ್ತಿದ್ದಳು. ಅಜ್ಜಿ ನಡುಮನೆಯ ಬಾಗಿಲಿಗೆ ಬಂದು ನಿಟ್ಟುಸಿರು ಬಿಟ್ಟರು.

‘ಸದ್ಯ. ಮರ್ಯಾದಿ ಉಳೀತು.’

ಅಮ್ಮ ನಡುಮನೆಗೆ ಹೋಗಲಿಲ್ಲ. ಬೀದಿಯ ಬಾಗಿಲು ತೆರೆದೇ ಇತ್ತು, ಜಗಲಿಯ ಮೇಲೆ ಇನ್ನೂ ಇಬ್ಬರು ಕೂತಿದ್ದರು. ಅಲ್ಲೇ, ಪಡಸಾಲೆಯ ನಟ್ಟನಡುವೆ ನಿಂತು, ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ ಕೇಳಿದಳು:

‘ಯಾರದ್ದು, ಅತ್ತೆ?’

ಅಜ್ಜಿ ಒಳಗೆ ಹೋದರು. ಅಪ್ಪಾಜಿ ಚೀಲಗಳ ಕಡೆ ಮುಖ ಮಾಡಿ ಅವನ್ನು ಎಣಿಸುವವರ ಹಾಗೆ ನಿಂತರು. ಅಮ್ಮ ಲೋಟಗಳನ್ನು ತೊಳೆಯಲು ಹೋದಳು. ಅಂದು ರಾತ್ರಿ ಅಪ್ಪಾಜಿ ಊಟಕ್ಕೆ ಕೂತಾಗ ಅವಳು ಎಂದಿನಂತೆ ಬಡಿಸಿದಳು. ಅವರು ಯಾವ ಪಾಠವನ್ನೂ ಕೇಳಲಿಲ್ಲ, ಅವಳು ಹೇಳಲಿಲ್ಲ. ಆಮೇಲೆ ಯಾವತ್ತೂ ಹೇಳಲಿಲ್ಲ.